ಜಲಜಾಕ್ಷಿ ಅಕ್ಕನ ಅಳತೆ ರವಿಕೆ

ಲೋಲಾಕ್ಷಿಗೆ ಡೆಂಗಿ ಜ್ವರ ಬಂದದ್ದು ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಮಳೆಯಲ್ಲಿ. ಆಟಿಯಲ್ಲಿ ನಮ್ಮ ಕಡೆ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ; ರವಿಕೆ ಹೊಲಿಯುವವಳಿಗೆ ಜ್ವರ ಬರಲು ಇದಕ್ಕಿಂತ ಅನುಕೂಲದ ತಿಂಗಳು ಬೇರೊಂದಿಲ್ಲ ಎಂದು ಗಂಡ ನೋಣಯ್ಯ ಸಮಾಧಾನ ಹೇಳಿದ. ಹೊಲಿಗೆಯ ಬಗ್ಗೆ ಅವನಿಗೆ ಗೊತ್ತಿರುವುದು ಅಷ್ಟೇ. ಮದುವೆಯಿಲ್ಲದ ಆಟಿಯಲ್ಲೇ ಮುಂದೆ ಬರುವ ಸೋಣ ತಿಂಗಳ ಮದುವೆಗಳ ರವಿಕೆಗಳೆಲ್ಲ ತಯಾರಾಗಬೇಕು. ಸೋಣ ಹುಟ್ಟಿದ್ದೇ ತಡ, ಗಲ್ಫಿನಿಂದ ರಜೆಯಲ್ಲಿ ಬಂದವರೆಲ್ಲ ವಿಮಾನ ಹಿಂದಿರುಗುವ ಮೊದಲು ಮದುವೆಯಾಗಿಬಿಡಬೇಕೆಂದು ಹಟ ಹಿಡಿಯುತ್ತಾರೆ. ಮೂರು ವಾರ ಮಲಗಿ ಎದ್ದ ಲೋಲಾಕ್ಷಿ ಸಿದ್ದಕಟ್ಟೆಯಿಂದ ಬಸ್ಸು ಹಿಡಿದು ಮೂಡುಬಿದಿರೆಗೆ ಬಂದು, ಮಾಳಿಗೆಯ ಮೇಲಿನ ತನ್ನ ಅಂಗಡಿಯ ಬೀಗ ತೆಗೆದು ನೋಡಿದರೆ ಮೇಜಿನ ಕೆಳಗೆ ಹದಿನೇಳು ಗಂಟುಗಳು ಸಾಲಾಗಿ ಕೂತಿದ್ದವು.

ಜ್ವರ ಬಿಟ್ಟಿತ್ತು. ಆದರೆ ಹೋಗುವಾಗ ಖಾಲಿ ಕೈಯಲ್ಲಿ ಹೋಗಿರಲಿಲ್ಲ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅವಳು ಹಳೆಯ ಲೋಲಾಕ್ಷಿಯೇ. ಕತ್ತರಿ ಮಾತು ಕೇಳುತ್ತಿತ್ತು, ಸೂಜಿ ಮಾತು ಕೇಳುತ್ತಿತ್ತು. ಮಧ್ಯಾಹ್ನ ಬುತ್ತಿಯ ಕುಚ್ಚಲಕ್ಕಿ ಅನ್ನ ಹೊಟ್ಟೆಗೆ ಬಿತ್ತೆಂದರೆ ಮುಗಿಯಿತು. ಕಾಲು ಮೆಷಿನನ್ನು ತುಳಿಯುತ್ತಿರುತ್ತದೆ, ಕಣ್ಣು ಮುಚ್ಚಿರುತ್ತದೆ, ಬಾಯಲ್ಲಿ ಎರಡು ಗುಂಡುಸೂಜಿ ಇರುತ್ತವೆ. ಎದುರಿನ ಮೆಷಿನಿನಲ್ಲಿ ಕೂರುವ ರಾಫಿಯಾ, ಹನ್ನೊಂದು ವರ್ಷದಿಂದ ಜೊತೆಗಿದ್ದವಳು, ಮೊದಲ ದಿನ ಹೆದರಿ ಸೂಜಿ ಕಿತ್ತುಕೊಂಡಳು.

"ಅಕ್ಕ, ನಿದ್ದೆ ಮಾಡ್ತಾ ಇದ್ರಿ."

"ನಿದ್ದೆ ಅಲ್ಲ. ಕಣ್ಣು ಮುಚ್ಚಿ ಡಿಸೈನ್ ಯೋಚನೆ ಮಾಡ್ತಿದ್ದೆ."

"ಡಿಸೈನಿಗೆ ಗೊರಕೆಯೂ ಉಂಟಾ?"

ಹಗಲು ನಿದ್ದೆ ಮಾಡುವವರನ್ನು ಕಂಡರೆ ಲೋಲಾಕ್ಷಿಗೆ ಮೊದಲಿನಿಂದಲೂ ತಾತ್ಸಾರ. ಕೆಳಗಿನ ಫ್ಯಾನ್ಸಿ ಅಂಗಡಿಯವನು ಊಟದ ಮೇಲೆ ಕುರ್ಚಿಯಲ್ಲೇ ಬಾಯಿ ತೆರೆದು ಮಲಗುವುದನ್ನು ನೋಡಿ ಇಪ್ಪತ್ತು ವರ್ಷ ನಕ್ಕವಳು ಅವಳು. ಈಗ ತಾನೂ ಆ ಪಂಗಡಕ್ಕೆ ಸೇರಿದೆನೆಂದು ಒಪ್ಪಿಕೊಳ್ಳುವುದುಂಟೇ? ಇಪ್ಪತ್ತನಾಲ್ಕು ವರ್ಷದಲ್ಲಿ ಹೇಳಿದ ತಾರೀಕಿಗೆ ರವಿಕೆ ಕೊಡದ ದಿನ ಒಂದಿಲ್ಲ. ಆ ಹೆಸರನ್ನು ಒಂದು ಸೊಳ್ಳೆ ಬಂದು ಕೆಡಿಸಬಾರದು ಎಂದು ಅವಳ ಹಟ.

ಉಪಾಯಗಳಿಗೇನೂ ಬರವಿರಲಿಲ್ಲ. ನೋಣಯ್ಯ ಮೆಂತೆ ಗಂಜಿ ಎಂದ. ಫ್ಯಾನ್ಸಿ ಅಂಗಡಿಯವನು ದಾಳಿಂಬೆ ಎಂದ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸೊಬ್ಬಳು ಪಪ್ಪಾಯಿ ಎಲೆಯ ರಸ ಎಂದಳು, ಎರಡು ಸ್ಟಾಪ್ ಮುಂದೆ ಹೋದ ಮೇಲೆ ಜೇನುತುಪ್ಪ ಸೇರಿಸಬೇಕೆಂದೂ ಹೇಳಿದಳು. ಡಾಕ್ಟರು ಮಾತ್ರ ಒಂದು ತಿಂಗಳು ವಿಶ್ರಾಂತಿ ತೆಗೆದುಕೊಳ್ಳಿ ಎಂದಿದ್ದರು. ಡಾಕ್ಟರು ಹಾಗೆ ಎಲ್ಲರಿಗೂ ಹೇಳುತ್ತಾರೆಂದು ಮನೆಮಂದಿಯೆಲ್ಲ ಸೇರಿ ಅದನ್ನು ತಳ್ಳಿಹಾಕಿದರು.

ಎಲ್ಲರಿಗಿಂತ ಜೋರಾಗಿ ಮುಂದೆ ಬಂದವಳು ಮಗಳು ವಿಸ್ಮಿತಾ. ಅವಳು ಬೆಳ್ತಂಗಡಿಯ ಒಂದು ಸಂಸ್ಥೆಯಲ್ಲಿ ತರಬೇತುದಾರ್ತಿ. ಊರೂರಿಗೆ ಹೋಗಿ, ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು ಬೀಡಿ ಕಟ್ಟಿ ಬಂದ ಹೆಂಗಸರನ್ನು ಕುರ್ಚಿಯಲ್ಲಿ ಕೂರಿಸಿ, 'ಕೆಲಸದಲ್ಲಿ ಉತ್ಸಾಹ ತುಂಬಿಕೊಳ್ಳುವುದು ಹೇಗೆ' ಎಂದು ಒಂದೂವರೆ ಗಂಟೆ ಹೇಳಿಕೊಡುವುದು ಅವಳ ಉದ್ಯೋಗ. ಅಮ್ಮನ ಸೋಮಾರಿ ಮಧ್ಯಾಹ್ನಗಳ ಸುದ್ದಿ ರಾಫಿಯಾಳಿಂದ ತಿಳಿದದ್ದೇ ಒಂದು ದೊಡ್ಡ ಹಳದಿ ಚಾರ್ಟು ತಂದು ಅಂಗಡಿಯ ಗೋಡೆಗೆ ಅಂಟಿಸಿದಳು.

ಅದರ ಪ್ರಕಾರ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಕನ್ನಡಿ ನೋಡಿ 'ನಾನು ಸಮರ್ಥೆ, ನಾನು ಸಂತೋಷವಾಗಿದ್ದೇನೆ' ಎಂದು ಮೂರು ಸಲ ಹೇಳಬೇಕು. ಲೋಲಾಕ್ಷಿ ಎರಡು ದಿನ ಹೇಳಿದಳು. ಮೂರನೆಯ ದಿನ ಪರದೆಯ ಹಿಂದೆ ಆಗಲೇ ಬಂದು ಕೂತಿದ್ದ ಗಿರಾಕಿಯೊಬ್ಬಳು ಅದನ್ನು ಕೇಳಿಸಿಕೊಂಡು, ಜ್ವರ ತಲೆಗೇರಿದೆಯೇ ಎಂದು ರಾಫಿಯಾಳ ಹತ್ತಿರ ಮೆಲ್ಲಗೆ ವಿಚಾರಿಸಿದ್ದರಿಂದ ಆ ಕಾರ್ಯಕ್ರಮ ನಿಂತಿತು. ಮೊಬೈಲಿನಲ್ಲಿ ವಿಸ್ಮಿತಾ ತನ್ನದೇ ದನಿ ತುಂಬಿಸಿ ಅಲಾರಂ ಇಟ್ಟಿದ್ದಳು. ಅರ್ಧ ಗಂಟೆಗೊಮ್ಮೆ ಅದು "ಅಮ್ಮಾ, ನೀರು ಕುಡಿ" ಎನ್ನುತ್ತಿತ್ತು. ಅಮ್ಮ ಕುಡಿದಾಗ ರಾಫಿಯಾಳೂ ಕುಡಿಯುವಳು. ಕುಡಿದ ಮೇಲೆ ಇಪ್ಪತ್ತೆರಡು ಮೆಟ್ಟಿಲಿಳಿದು ಕಟ್ಟಡದ ಹಿಂದಿನ ಪಾಯಿಖಾನೆಗೆ ಹೋಗಿಬರಬೇಕು. ಹೀಗೆ ದಿನಕ್ಕೆ ಎರಡು ರವಿಕೆಯಷ್ಟು ಹೊತ್ತು ನೀರಿಗೇ ಹೋಯಿತು.

ಚಾರ್ಟಿನ ಕೊನೆಯಲ್ಲಿ ಒಂದು ಒಳ್ಳೆಯ ಮಾತೂ ಇತ್ತು: ತಲೆಯ ಕೆಲಸ ಬೆಳಿಗ್ಗೆ, ಕೈಯ ಕೆಲಸ ಮಧ್ಯಾಹ್ನ. ಅದರ ಮೇಲೆ ರಾಫಿಯಾ ಬಣ್ಣದ ನೂಲಿನ ಸ್ಟ್ಯಾಂಡು ನೇತುಹಾಕಿದ್ದಳು, ಹಾಗಾಗಿ ಯಾರೂ ಓದಲಿಲ್ಲ. ಅದರ ಮೇಲಿನ ಸಾಲು ಮಾತ್ರ ಚೆನ್ನಾಗಿ ಕಾಣುತ್ತಿತ್ತು: ದಣಿವಾದಾಗ ಕೆಲಸವನ್ನು ಇನ್ನೊಬ್ಬರಿಗೆ ಹಂಚಿ. ಎಡವಟ್ಟಾದದ್ದು ಆ ಸಾಲಿನಿಂದ.

ಹದಿನೇಳು ಗಂಟುಗಳಲ್ಲಿ ದೊಡ್ಡದು ತೋಡಾರಿನ ಜಲಜಾಕ್ಷಿ ಅಕ್ಕನದು. ಮಗಳು ತೃಷಾಳ ಮದುವೆ, ಸೋಣದ ಮೊದಲ ಭಾನುವಾರ. ಜಲಜಾಕ್ಷಿ ಅಕ್ಕ ಎಂದರೆ ಸಾಮಾನ್ಯರಲ್ಲ. ಗದ್ದೆ, ತೋಟ, ಮಸ್ಕತ್ತಿನಲ್ಲಿ ಗಂಡನ ಹೋಟೆಲು ಎಲ್ಲ ಉಂಟು. ಅದಕ್ಕಿಂತ ಹೆಚ್ಚಾಗಿ, ಯಾವ ಸೀರೆಗೆ ಎಂತಹ ಕೈಯ ರವಿಕೆ ಎಂಬುದನ್ನು ತೋಡಾರಿನ ಹೆಂಗಸರು ಅವರನ್ನು ನೋಡಿಯೇ ತೀರ್ಮಾನಿಸುತ್ತಾರೆ. ಅವರು ಲೋಲಾಕ್ಷಿಯ ಮೆಟ್ಟಿಲು ಹತ್ತಿದರೆ ಊರೇ ಹತ್ತುತ್ತದೆ. ಅವರು ಬಸ್‌ಸ್ಟ್ಯಾಂಡಿನ ಪಕ್ಕ ಹೊಸದಾಗಿ ತೆರೆದ ಏಸಿ ಅಂಗಡಿಗೆ ಹೋದರೆ ಊರೂ ಹೋಗುತ್ತದೆ.

ಅವರ ಗಂಟಿನೊಳಗೆ ಯಾವಾಗಲೂ ಒಂದು ಹಸಿರು ರವಿಕೆ ಇರುತ್ತದೆ. ಅದು ಅಳತೆ ರವಿಕೆ. ನಮ್ಮಲ್ಲಿ ಮೈಗೆ ಟೇಪು ಹಿಡಿಸಿಕೊಳ್ಳುವವರು ಕಡಿಮೆ. ಚೆನ್ನಾಗಿ ಕೂರುವ ಹಳೆಯ ರವಿಕೆಯೊಂದನ್ನು ಬಟ್ಟೆಯ ಜೊತೆ ಕೊಟ್ಟು, ಇದರ ಹಾಗೆ ಹೊಲಿ ಎಂದರೆ ಮುಗಿಯಿತು. ಜಲಜಾಕ್ಷಿ ಅಕ್ಕ ಕೊಡುವ ಹಸಿರು ರವಿಕೆ ಅವರ ಮದುವೆಯ ಸಂಜೆ ತೊಟ್ಟದ್ದು. ಮೊದಲ ಸಲ ಅದನ್ನು ತಂದಾಗ ತೃಷಾ ಮೂರು ತಿಂಗಳ ಕೂಸು, ಹೆಗಲ ಮೇಲೆ ನಿದ್ದೆ ಹೋಗಿತ್ತು. ಲೋಲಾಕ್ಷಿ ಅಂಗಡಿ ತೆರೆದು ಇಪ್ಪತ್ತು ದಿನವಾಗಿತ್ತು, ಬಂದದ್ದು ಮೂರೋ ನಾಲ್ಕೋ ಗಿರಾಕಿ.

"ಇದರ ಅಳತೆಗೆ ಹೊಲಿ. ನಾನೇನೂ ದಪ್ಪ ಆಗ್ಲಿಲ್ಲ," ಎಂದಿದ್ದರು ಜಲಜಾಕ್ಷಿ ಅಕ್ಕ. ಹೇಳುತ್ತಿದ್ದಂತೆ ಕಣ್ಣಲ್ಲಿ ನೀರು. ಹಿಂದಿನ ದಿನ ಯಾವುದೋ ಊಟದ ಪಂಕ್ತಿಯಲ್ಲಿ ನಾದಿನಿ ಎಲ್ಲರ ಎದುರು, ಇನ್ನು ಇವಳಿಗೆ ರವಿಕೆ ಸಾಕಾಗದು, ಶಾಮಿಯಾನವೇ ಆಗಬೇಕು ಎಂದು ನಗಾಡಿದ್ದಳಂತೆ.

ಲೋಲಾಕ್ಷಿ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಅವಳ ಕಣ್ಣು ಒಂದೂವರೆ ಇಂಚು ಹೆಚ್ಚು ಎಂದಿತು. ಬಾಯಿ ಏನೂ ಹೇಳಲಿಲ್ಲ. ಒಂದೂವರೆ ಇಂಚು ಸೇರಿಸಿ ಹೊಲಿದು ಕೊಟ್ಟಳು. ಜಲಜಾಕ್ಷಿ ಅಕ್ಕ ತೊಟ್ಟು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ, "ನೋಡು, ಒಂದು ನೂಲು ವ್ಯತ್ಯಾಸ ಇಲ್ಲ!" ಎಂದು ನಕ್ಕ ನಗು ಇಡೀ ಮೂಡುಬಿದಿರೆಗೆ ಕೇಳಿಸಿರಬೇಕು. ಮರುವಾರ ತೋಡಾರಿನ ಆರು ಮಂದಿ ಬಂದರು. ತಿಂಗಳೊಳಗೆ ಮೂವತ್ತು.

ಆಮೇಲೆ ವರ್ಷಕ್ಕೆ ಒಮ್ಮೊಮ್ಮೆ ಕಾಲು, ಒಮ್ಮೊಮ್ಮೆ ಅರ್ಧ. ಹಸಿರು ರವಿಕೆ ಗಂಟಿನಲ್ಲಿ ಬರುತ್ತಿತ್ತು, ಗಂಟಿನಲ್ಲೇ ಹೋಗುತ್ತಿತ್ತು. ಅದನ್ನು ತೊಟ್ಟು ನೋಡುವ ಪ್ರಸಂಗ ಜಲಜಾಕ್ಷಿ ಅಕ್ಕನಿಗೆ ಬರಲೇ ಇಲ್ಲ. ಮದುವೆ, ನಾಮಕರಣ, ಎಲ್ಲಿ ನಾಲ್ಕು ಮಂದಿ ಸೇರಿದರೂ ತನ್ನದು ಇಂದಿಗೂ ಮದುವೆಯ ಅಳತೆ ಎಂದು ಅವರು ಹೇಳುವುದು, ಲೋಲಾಕ್ಷಿ ತಲೆಯಾಡಿಸುವುದು. ಉಳಿದವರೂ ತಮ್ಮ ತಮ್ಮ ಹಳೆಯ ರವಿಕೆ ಹುಡುಕಿ ತರತೊಡಗಿದರು. ಹೀಗೆ ಮೂಡುಬಿದಿರೆಯ ಆಸುಪಾಸಿನಲ್ಲಿ ದಪ್ಪಗಾಗದ ಹೆಂಗಸರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚಿತು. ಗುಟ್ಟು ಲೋಲಾಕ್ಷಿಯ ಸೀಮೆಸುಣ್ಣದಲ್ಲಿ ಮಾತ್ರ ಇತ್ತು. ಅದಕ್ಕೇ ಅವಳು ಕತ್ತರಿಯನ್ನು ರಾಫಿಯಾಳ ಕೈಗೂ ಕೊಟ್ಟವಳಲ್ಲ.

ಮದುವೆಯ ವಾರದ ಸೋಮವಾರ ಮಧ್ಯಾಹ್ನ ಕೊಟ್ಟಳು. ಕಣ್ಣೆದುರು ಚಾರ್ಟಿನ ಸಾಲು, ಕೈಯಲ್ಲಿ ಸೀಮೆಸುಣ್ಣ, ಮೇಜಿನ ಮೇಲೆ ಜಲಜಾಕ್ಷಿ ಅಕ್ಕನ ನಾಲ್ಕು ರೇಷ್ಮೆ ಬಟ್ಟೆ. ತಾನು ಗೆರೆ ಎಳೆದುಕೊಟ್ಟರೆ ರಾಫಿಯಾ ಕತ್ತರಿಸಲಿ, ಅಷ್ಟು ಹಂಚಿದರೆ ತಪ್ಪಿಲ್ಲ ಎಂದು ಅವಳ ಲೆಕ್ಕ. ಗೆರೆ ಎಳೆಯುವ ಮೊದಲು ಒಂದೇ ಒಂದು ನಿಮಿಷ ಕಣ್ಣು ಮುಚ್ಚಿದಳು. ತೆರೆದಾಗ ಸೀಮೆಸುಣ್ಣ ಅವಳದೇ ಸೀರೆಯ ಮೇಲೆ ಗೆರೆ ಎಳೆದಿತ್ತು, ನಾಲ್ಕೂ ರವಿಕೆಯನ್ನು ರಾಫಿಯಾ ಕತ್ತರಿಸಿ ಮಡಿಸಿ ಇಟ್ಟಿದ್ದಳು.

"ಹಸಿರು ರವಿಕೆಯ ಹಾಗೇ ಅಕ್ಕ. ಒಂದು ನೂಲು ಆಚೀಚೆ ಇಲ್ಲ," ಎಂದಳು ರಾಫಿಯಾ. ಅವಳ ಮುಖದಲ್ಲಿ ಹನ್ನೊಂದು ವರ್ಷ ಕಾದು ಸಿಕ್ಕ ಸಂತೋಷ.

ಮಂಜು ಕವಿದ ತಲೆಯಲ್ಲಿ ಲೋಲಾಕ್ಷಿ, ಗೆರೆ ತಾನೇ ಎಳೆದುಕೊಟ್ಟಿರಬೇಕು ಎಂದುಕೊಂಡಳು. ಕನಸಿನಲ್ಲಿ ಎಳೆದದ್ದೂ ಇರಬಹುದು. ಮಂಗಳವಾರ, ಬುಧವಾರ ಮಧ್ಯಾಹ್ನಗಳಲ್ಲಿ ಇಬ್ಬರೂ ಸೇರಿ ನಾಲ್ಕನ್ನೂ ಹೊಲಿದು ಮುಗಿಸಿದರು. ಅವಳ ಕೈ ಹೊಲಿಯುತ್ತಿತ್ತು, ಅವಳು ಅಲ್ಲಿರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತೂಕಾಲಕ್ಕೆ, ಹುಕ್ಕು ಹಾಕಲೆಂದು ಮೊದಲ ರವಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಲೆ ತಿಳಿಯಾಗಿತ್ತು. ರವಿಕೆ ಕೈಯಲ್ಲಿ ತುಂಬ ಚಿಕ್ಕದಾಗಿ ಕಂಡಿತು. ಹಸಿರು ರವಿಕೆಯನ್ನು ಅದರ ಮೇಲಿಟ್ಟಳು. ಸರಿಯಾಗಿ ಕೂತಿತು. ಉಳಿದ ಮೂರನ್ನೂ ಇಟ್ಟು ನೋಡಿದಳು. ಜಲಜಾಕ್ಷಿ ಅಕ್ಕ ಮದುಮಗಳಾಗಿದ್ದಾಗ ತೊಡಬಹುದಾಗಿದ್ದ ನಾಲ್ಕು ಚಂದದ ರವಿಕೆಗಳು.

"ರಾಫಿಯಾ," ಎಂದಳು ಲೋಲಾಕ್ಷಿ, "ಸ್ವಲ್ಪ ಬಾಗಿಲು ಹಾಕು."

ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ರಾಫಿಯಾ ಆ ಗುಟ್ಟು ಕೇಳಿದಳು. ಕೇಳಿ, ಯಾ ಅಲ್ಲಾ ಎಂದು ಮೇಜಿಗೆ ಕೈ ಕೊಟ್ಟು ನಗತೊಡಗಿದವಳು ಲೋಲಾಕ್ಷಿಯ ಮುಖ ನೋಡಿ ನಿಲ್ಲಿಸಿದಳು.

"ಇದಕ್ಕೆಂತ ತಲೆಬಿಸಿ? ಇದ್ದದ್ದು ಇದ್ದ ಹಾಗೆ ಹೇಳಿಬಿಡಿ ಅಕ್ಕ. ಅವರು ಕನ್ನಡಿ ನೋಡದವರಾ?"

"ಮಗಳ ಮದುವೆಗೆ ಮೂರು ದಿನ ಉಂಟು ಮಾರಾಯ್ತಿ. ಈಗ ಹೋಗಿ ನೀವು ಆರೂವರೆ ಇಂಚು ದಪ್ಪ ಆಗಿದ್ದೀರಿ ಅಂತ ಹೇಳ್ಲಿಕ್ಕೆ ಆಗ್ತದಾ? ಊರಿಡೀ ಹೇಳಿಕೊಂಡು ಬಂದಿದ್ದಾರೆ ಅವರು."

"ಹಾಗಾದ್ರೆ ನಾನು ತಪ್ಪು ಕಟ್ ಮಾಡಿದೆ ಅಂತ ಹೇಳಿ."

"ನೀನು ಸರಿಯೇ ಮಾಡಿದ್ದಿ." ಲೋಲಾಕ್ಷಿ ಹುಕ್ಕಿನ ಡಬ್ಬಿ ಮುಚ್ಚಿದಳು. "ನನ್ನ ಕೈ ತಪ್ಪಿತು ಅಂತ ಹೇಳ್ತೇನೆ. ಜ್ವರ ಬಂದ ಮೇಲೆ ಕೈ ಹೋಗಿದೆ ಅಂತ."

ರಾಫಿಯಾಳಿಗೆ ಸಿಟ್ಟು ಬಂತು. "ಮತ್ತೆ? ಭಾನುವಾರ ಮದುವೆ ಹಾಲಲ್ಲಿ ಎಲ್ಲರ ಬಾಯಲ್ಲಿ ಅದೇ ಮಾತು, ಲೋಲಾಕ್ಷಿಯ ಕೈ ಹೋಯ್ತು ಅಂತ. ಸೋಮವಾರದಿಂದ ಎಲ್ಲರೂ ಆ ಏಸಿ ಅಂಗಡಿಗೆ. ಅವರ ಸೊಂಟಕ್ಕೋಸ್ಕರ ನಿಮ್ಮ ಅಂಗಡಿ ಮುಚ್ಚುದಾ?"

ರಾಫಿಯಾ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಒಂದೋ ಜಲಜಾಕ್ಷಿ ಅಕ್ಕನ ಸಂತೋಷ, ಒಂದೋ ತನ್ನ ಹೆಸರು. ಕತ್ತರಿಸಿ ಉಳಿದ ಚೂರುಗಳು ಸೇರಿಸಿ ಹೊಲಿಯಲು ಸಾಲುತ್ತಿರಲಿಲ್ಲ, ಎರಡೂ ಉಳಿಯುವ ದಾರಿ ಕಾಣಲಿಲ್ಲ. ಲೋಲಾಕ್ಷಿಗೆ ಹೆದರಿಕೆಯಾಯಿತು. ಶಾಲೆಯಲ್ಲಿ ಅವಳನ್ನು ಯಾರೂ ಹೊಗಳಿದವರಲ್ಲ, ಅಡುಗೆಗೆ ಹೊಗಳಿದವರಲ್ಲ, ನೋಣಯ್ಯನ ಬಾಯಲ್ಲಂತೂ ಆ ಜಾತಿಯ ಮಾತೇ ಹುಟ್ಟುವುದಿಲ್ಲ. ಜನ ಒಳ್ಳೆಯದೆಂದು ಹೇಳಿದ್ದು ಅವಳ ಕೈಯೊಂದನ್ನೇ. ಆ ಕೈ ಹೋಯಿತೆಂದು ತಾನೇ ತನ್ನ ಬಾಯಿಯಿಂದ ಹೇಳಬೇಕು. ಇನ್ನೂ ದೊಡ್ಡ ಹೆದರಿಕೆ ಒಳಗಿತ್ತು: ಅದು ನಿಜವೇ ಆಗಿದ್ದರೆ? ಆದರೂ ಮೂರು ತಿಂಗಳ ಕೂಸನ್ನು ಹೆಗಲಿಗೆ ಹಾಕಿಕೊಂಡು ಅತ್ತಿದ್ದ ಆ ಮುಖ ನೆನಪಾದರೆ ಬೇರೆ ಮಾತು ಬಾಯಿಗೆ ಬರುತ್ತಿರಲಿಲ್ಲ. ಊಟ ಬಿಟ್ಟು, ಜ್ವರ, ಕೈ, ಕ್ಷಮಿಸಿ ಎಂದು ಸುಳ್ಳನ್ನು ನಾಲ್ಕು ಸಲ ಬಾಯಿಪಾಠ ಮಾಡಿದಳು.

ತೊಟ್ಟು ನೋಡಲು ಬರುತ್ತೇವೆಂದು ಹೇಳಿದ್ದ ಮೂರು ಗಂಟೆಗೆ ಸರಿಯಾಗಿ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಜಲಜಾಕ್ಷಿ ಅಕ್ಕ ಬಾಗಿಲಲ್ಲಿ ನಿಂತು, "ಮೆಟ್ಟಿಲು ಹೆಚ್ಚು ಮಾಡಿಸಿದ್ದೀಯಾ ಎಂತ?" ಎಂದು ನಕ್ಕರು. ಹಿಂದಿನಿಂದ ಮೆಟ್ಟಿಲ ಕಂಬಿ ಹಿಡಿದುಕೊಂಡು ತೃಷಾ ಬಂದಳು. ಮದುಮಗಳ ಮುಖ ಬಿಳುಚಿಕೊಂಡಿತ್ತು.

ಮೊದಲು ಅವಳ ಧಾರೆಯ ರವಿಕೆ. ಅದನ್ನು ಆಟಿಯ ಮೊದಲ ವಾರದಲ್ಲಿ, ಜ್ವರ ಬರುವ ಮುನ್ನ, ಲೋಲಾಕ್ಷಿಯೇ ಟೇಪು ಹಿಡಿದು ಅಳೆದು ಕತ್ತರಿಸಿಟ್ಟಿದ್ದಳು. ಪರದೆಯ ಹಿಂದೆ ತೃಷಾ ಅದನ್ನು ತೊಟ್ಟು ನಿಂತಾಗ ರವಿಕೆ ಎರಡು ಇಂಚು ಜೋಲಾಡುತ್ತಿತ್ತು. ಪಿನ್ನು ಹಾಕಹೊರಟ ಲೋಲಾಕ್ಷಿಯ ಬೆರಳಿಗೆ ಪಕ್ಕೆಲುಬು ತಾಗಿತು.

"ಎಂತ ಮಗಾ, ಊಟ ಮಾಡುದಿಲ್ವಾ?"

"ರಾತ್ರಿದು ಬಿಟ್ಟಿದ್ದೇನೆ ಆಂಟಿ. ಎರಡು ತಿಂಗಳಾಯ್ತು." ತೃಷಾ ದನಿ ತಗ್ಗಿಸಿದಳು. "ರಿಸೆಪ್ಷನ್ನಿಗೆ ಅಮ್ಮನ ಆ ಹಸಿರು ರವಿಕೆ ಹಾಕ್ಬೇಕಂತೆ. ನಂಗೆ ಆಗುದಿಲ್ಲ. ಐವತ್ತು ವರ್ಷದ ಅಮ್ಮನಿಗೆ ಈಗಲೂ ಆಗ್ತದೆ, ಇಪ್ಪತ್ತನಾಲ್ಕಕ್ಕೆ ನಂಗೆ ಆಗುದಿಲ್ಲ ಅಂದ್ರೆ ಮರ್ಯಾದೆ ಉಂಟಾ?"

"ಮತ್ತೆ ಆಫೀಸು?"

"ಹೋಗ್ತೇನೆ. ಬಿ.ಸಿ. ರೋಡಿಗೆ ಬಸ್ಸಲ್ಲಿ ಹೋಗುವಷ್ಟರಲ್ಲೇ ಸಾಕಾಗ್ತದೆ. ಹನ್ನೊಂದು ಗಂಟೆಗೆ ಕಂಪ್ಯೂಟರಿನ ಅಕ್ಷರ ಎಲ್ಲ ಓಡಾಡ್ತವೆ. ಬಾತ್‌ರೂಮಿಗೆ ಹೋಗಿ ಐದು ನಿಮಿಷ ಗೋಡೆಗೆ ತಲೆ ಕೊಟ್ಟು ಕೂರ್ತೇನೆ. ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡಿದ್ದೇನೆ." ಇಷ್ಟು ಹೇಳಿ ತೃಷಾ ನಕ್ಕಳು.

ಆ ನಗು ಲೋಲಾಕ್ಷಿಗೆ ಗುರುತಿತ್ತು. ಹತ್ತು ದಿನದಿಂದ ತಾನು ನಗುತ್ತಿರುವುದೂ ಅದನ್ನೇ. ತನಗಾದರೋ ಜ್ವರ ಬಂದಿತ್ತು. ಈ ಹುಡುಗಿಗೆ ಬಂದದ್ದೇನು?

ಪರದೆಯ ಆಚೆಯಿಂದ ಜಲಜಾಕ್ಷಿ ಅಕ್ಕ ಉತ್ಸಾಹದಿಂದ ಹೇಳುತ್ತಿದ್ದರು: "ನೀನಾದರೂ ಇವಳಿಗೆ ಹೇಳು ಲೋಲಾಕ್ಷಿ. ಎರಡು ಹೆತ್ತವಳು ನಾನು. ತಿನ್ನುದು ಬಿಟ್ಟವಳಲ್ಲ. ಮನಸ್ಸು ಗಟ್ಟಿ ಇದ್ರೆ ಮೈ ಎಲ್ಲಿಗೆ ಹೋಗ್ತದೆ? ಇವತ್ತಿಗೂ ಮದುವೆಯ ಅಳತೆ!"

ಲೋಲಾಕ್ಷಿ ಹೊರಗೆ ಬಂದಳು. ತೃಷಾ ಬಂದು ಸ್ಟೂಲಿನ ಮೇಲೆ ಕೂತು ಗೋಡೆಗೆ ತಲೆಯಿಟ್ಟಳು. ಜಲಜಾಕ್ಷಿ ಅಕ್ಕ ನೇರಳೆ ಬಣ್ಣದ ರೇಷ್ಮೆ ರವಿಕೆಯನ್ನು ಎತ್ತಿಕೊಂಡು, ಆಹಾ ಎಂದು ಪರದೆಯ ಹಿಂದೆ ಹೋದರು.

ಸ್ವಲ್ಪ ಹೊತ್ತು ರೇಷ್ಮೆಯ ಸರಪರ. ಮತ್ತೆ ಒಂದು ಉಸಿರು. ರಾಫಿಯಾ ಮೆಷಿನಿನ ಮೇಲೆ ಬಗ್ಗಿ ನೂಲೇ ಇಲ್ಲದ ಸೂಜಿಯಲ್ಲಿ ಹೊಲಿಯತೊಡಗಿದಳು.

"ಲೋಲಾಕ್ಷಿ."

"ಎಂತ ಅಕ್ಕ?"

"ಇದು ಮೊಣಕೈಯಿಂದ ಮೇಲೆ ಬರುದಿಲ್ಲ ಅಲ್ವಾ?"

ಸೆರಗನ್ನು ಹೊದ್ದುಕೊಂಡು, ಒಂದು ಕೈ ರವಿಕೆಯೊಳಗೆ ಸಿಕ್ಕಿಸಿಕೊಂಡು ಜಲಜಾಕ್ಷಿ ಅಕ್ಕ ಹೊರಗೆ ಬಂದರು. "ಯಾರದ್ದನ್ನು ಯಾರಿಗೆ ಹೊಲಿದಿದ್ದಿ? ನಿಂಗೆ ಜ್ವರ ಬಂದದ್ದು ಹೌದು. ಹಾಗಂತ ನನ್ನ ಮಗಳ ಮದುವೆಗಾ?"

ಸುಳ್ಳು ನಾಲಗೆಯ ತುದಿಯಲ್ಲಿತ್ತು. ಬಾಯಿ ತೆರೆದರೆ ಸಾಕು, ತಾನಾಗಿ ಬರುತ್ತಿತ್ತು. ಲೋಲಾಕ್ಷಿ ಸ್ಟೂಲಿನ ಕಡೆ ನೋಡಿದಳು. ತೃಷಾಳ ಕಣ್ಣು ಮುಚ್ಚಿತ್ತು.

"ಅದು ನಿಮ್ಮ ಅಳತೆಯೇ ಅಕ್ಕ," ಎಂದಳು. "ಹಸಿರು ರವಿಕೆಯ ಅಳತೆ. ಒಂದು ನೂಲು ಆಚೀಚೆ ಇಲ್ಲ."

"ಮತ್ತೆ ಯಾಕೆ ಆಗುದಿಲ್ಲ?"

"ಅದು ನಿಮಗೆ ಆಗದೆ ಇಪ್ಪತ್ನಾಲ್ಕು ವರ್ಷ ಆಯ್ತು. ನಾನು ಪ್ರತಿ ಸಲ ಸೇರಿಸಿ ಹೊಲೀತಾ ಇದ್ದೆ. ಈ ಸಲ ನಿದ್ದೆ ಬಂದು ಸೇರಿಸ್ಲಿಕ್ಕೆ ಆಗ್ಲಿಲ್ಲ."

ಅಷ್ಟರಲ್ಲಿ ಮೊಬೈಲು "ಅಮ್ಮಾ, ನೀರು ಕುಡಿ" ಎಂದಿತು. ಯಾರೂ ಕುಡಿಯಲಿಲ್ಲ.

ಜಲಜಾಕ್ಷಿ ಅಕ್ಕ "ಎಷ್ಟು?" ಎಂದರು.

"ಒಟ್ಟು ಆರೂವರೆ ಇಂಚು."

"ಪ್ರತಿ ವರ್ಷವೂ?"

"ಇಲ್ಲ, ಕೆಲವು ವರ್ಷ ಇಲ್ಲ. ಕೊರೊನಾದ ವರ್ಷ ಒಟ್ಟಿಗೇ ಒಂದು ಇಂಚು."

"ಇಷ್ಟು ವರ್ಷ ನನ್ನನ್ನು ಮಂಗ ಮಾಡಿದ್ದಿ." ಅದು ಆಟದ ಸಿಟ್ಟಾಗಿರಲಿಲ್ಲ. "ಊರೆಲ್ಲ ಹೇಳಿಕೊಂಡು ಬಂದೆ ನಾನು. ಎಷ್ಟು ಜನ ಹಿಂದಿನಿಂದ ನಗಾಡಿದ್ದಾರೋ! ಮೊದಲ ದಿನವೇ ಹೇಳ್ಲಿಕ್ಕೆ ನಿಂಗೆ ಎಂತ ಆಗಿತ್ತು?"

"ಮೊದಲ ದಿನ ನೀವು ಅಳ್ತಾ ಇದ್ರಿ."

ಜಲಜಾಕ್ಷಿ ಅಕ್ಕ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು.

"ಇವತ್ತೂ ಸುಳ್ಳು ಹೇಳುವವಳಿದ್ದೆ ಅಕ್ಕ. ನನ್ನ ಕೈ ಹೋಯ್ತು ಅಂತ ಹೇಳಿ ಮುಗಿಸುವ ಅಂತ ಇದ್ದೆ. ಆದರೆ ಈ ಮಗು ಎರಡು ತಿಂಗಳಿಂದ ರಾತ್ರಿ ಊಟ ಬಿಟ್ಟಿದ್ದಾಳೆ. ಆಫೀಸಿನ ಬಾತ್‌ರೂಮಲ್ಲಿ ಗೋಡೆಗೆ ತಲೆ ಕೊಟ್ಟು ಕೂರ್ತಾಳಂತೆ. ನಿಮಗೆ ಆಗುವ ರವಿಕೆ ತನಗೆ ಆಗುದಿಲ್ಲ ಅಂತ. ನಿಮಗೆ ಆಗುದಿಲ್ಲ. ಯಾವತ್ತೂ ಆಗ್ಲಿಲ್ಲ. ನಾನು ನಿಮಗೆ ಬೇಜಾರಾಗಬಾರದು ಅಂತ ಮಾಡಿದ್ದು ಇವಳ ಹೊಟ್ಟೆಗೆ ಬಿತ್ತು."

ಜಲಜಾಕ್ಷಿ ಅಕ್ಕ ಮಗಳ ಕಡೆ ತಿರುಗಿದರು. "ಹೌದಾ?" ಎಂದರು. ತೃಷಾ ಹೌದೆಂದು ತಲೆಯಾಡಿಸಿದಳು, ಕಣ್ಣು ತೆರೆಯಲಿಲ್ಲ. ಮಗಳು ತೆಳ್ಳಗಾಗುತ್ತಿದ್ದಾಳೆಂದು ಎರಡು ತಿಂಗಳಿಂದ ಫೋನಿನಲ್ಲಿ ಮಸ್ಕತ್ತಿಗೆ ಹೇಳಿ ಹೆಮ್ಮೆಪಟ್ಟವರು ಅವರು. ಈಗ ಆ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ರವಿಕೆಯಿಂದ ಕೈ ಬಿಡಿಸಿಕೊಂಡು ಮೇಜಿನ ಮೇಲಿಟ್ಟು, ಎರಡೂ ತೋಳು ಅಗಲಿಸಿ ನಿಂತರು.

"ಟೇಪು ತೆಗಿ. ಅಳತೆ ತೆಗಿ."

ಇಪ್ಪತ್ತನಾಲ್ಕು ವರ್ಷದಲ್ಲಿ ಜಲಜಾಕ್ಷಿ ಅಕ್ಕನ ಮೈಗೆ ಟೇಪು ತಾಗಿದ್ದಿಲ್ಲ. ಲೋಲಾಕ್ಷಿಯ ಕೈ ಟೇಪಿನ ಕಡೆ ಹೋಯಿತು, ಅರ್ಧದಲ್ಲಿ ನಿಂತಿತು. ಕಣ್ಣ ಮುಂದೆ ಅಂಕೆಗಳು ಒಂದರ ಮೇಲೊಂದು ಕೂತಿದ್ದವು.

"ಈಗ ಬೇಡ ಅಕ್ಕ," ಎಂದಳು. "ಜ್ವರ ಬಂದ ಮೇಲೆ ಮಧ್ಯಾಹ್ನ ನನ್ನ ತಲೆ ಓಡುದಿಲ್ಲ. ನಿದ್ದೆ ಬರ್ತದೆ. ಕೂತಲ್ಲೇ ಮಲಗ್ತೇನೆ. ಈಗ ಅಳೆದರೆ ಪುನಃ ತಪ್ತದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಸೀರೆಗಳನ್ನೂ ತನ್ನಿ, ಒಳಗಿನ ತುದಿಯಿಂದ ಒಂದೊಂದು ಪಟ್ಟಿ ಕತ್ತರಿಸಿ ಕಂಕುಳ ಕೆಳಗೆ ಕೂರಿಸ್ತೇನೆ. ಸೀರೆ ಉಟ್ಟ ಮೇಲೆ ಯಾರಿಗೂ ಕಾಣುದಿಲ್ಲ. ಶನಿವಾರ ಸಂಜೆಗೆ ನಾಲ್ಕೂ ನಿಮ್ಮ ಕೈಯಲ್ಲಿರ್ತದೆ."

ರಾಫಿಯಾಳ ಕಾಲು ಮೆಷಿನಿನ ಮೇಲೆ ನಿಂತುಬಿಟ್ಟಿತು. ಗಿರಾಕಿಯ ಎದುರು, ಅದೂ ಈ ಗಿರಾಕಿಯ ಎದುರು, ತನಗೆ ನಿದ್ದೆ ಬರುತ್ತದೆಂದು ಲೋಲಾಕ್ಷಿ ಹೇಳುವುದನ್ನು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಜಲಜಾಕ್ಷಿ ಅಕ್ಕ ತೋಳು ಇಳಿಸಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಮಗಳ ರಟ್ಟೆ ಹಿಡಿದು ಎಬ್ಬಿಸಿಕೊಂಡು ಮೆಟ್ಟಿಲಿಳಿದರು. ಇಪ್ಪತ್ತೆರಡು ಮೆಟ್ಟಿಲೂ ಕೇಳಿಸಿದವು.

"ಹೋಯ್ತು," ಎಂದಳು ರಾಫಿಯಾ.

"ಹೋದ್ರೆ ಹೋಗ್ಲಿ," ಎಂದಳು ಲೋಲಾಕ್ಷಿ. "ಅರ್ಧ ಗಂಟೆ ಬಿಟ್ಟು ಏಳಿಸು. ಡಿಸೈನ್ ಅಲ್ಲ, ನಿದ್ದೆ."

ಮೇಜಿನ ಮೇಲೆ ಕೈ ಮಡಚಿ ತಲೆಯಿಟ್ಟವಳು, ಬಾಗಿಲು ತೆರೆದೇ ಇದ್ದರೂ, ಬಂದು ಹೋಗುವವರೆಲ್ಲ ನೋಡುವಂತೆ ಮಲಗಿದಳು. ಹತ್ತು ದಿನದಲ್ಲಿ ಕಳ್ಳತನವಿಲ್ಲದೆ ಮಲಗಿದ್ದು ಅದೇ ಮೊದಲು. ಎದ್ದ ಮೇಲೆ ಲೆಕ್ಕ, ಅಳತೆ ಯಾವುದಕ್ಕೂ ಕೈ ಹಾಕದೆ ಬೇರೆ ಗಂಟಿನ ಆರು ರವಿಕೆಗಳಿಗೆ ಹುಕ್ಕು ಹಾಕಿದಳು, ತೃಷಾಳ ಧಾರೆ ರವಿಕೆಯ ಅಂಚಿಗೆ ಕೈಹೊಲಿಗೆ ಹಾಕಿದಳು. ಆ ಹೊಲಿಗೆ ಎಷ್ಟು ನೇರವಾಗಿ ಬಂತೆಂದರೆ ಒಮ್ಮೆ ಎತ್ತಿ ಹಿಡಿದು ನೋಡಿದಳು. ಕೈ ಎಲ್ಲಿಗೂ ಹೋಗಿರಲಿಲ್ಲ. ಅವಳಿಗೆ ಸಂತೋಷವಾಯಿತು, ಕನ್ನಡಿಗೆ ಮೂರು ಸಲ ಹೇಳುವ ಅಗತ್ಯ ಬೀಳಲಿಲ್ಲ. ಆದರೆ ಬಸ್ಸು ಹತ್ತಿ ಮನೆಗೆ ಹೋಗುವಾಗ, ನಾಳೆ ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಯಾರೂ ಇಲ್ಲದಿದ್ದರೆ ಎಂಬ ಯೋಚನೆ ಸಿದ್ದಕಟ್ಟೆಯವರೆಗೂ ಜೊತೆಗೆ ಬಂತು.

ಶುಕ್ರವಾರ ಬೆಳಿಗ್ಗೆ ಒಂಬತ್ತೂಮುಕ್ಕಾಲಕ್ಕೆ ಅವಳು ಬೀಗದ ಕೈ ಹಿಡಿದು ಮೆಟ್ಟಿಲ ಬುಡಕ್ಕೆ ಬಂದಾಗ, ಮೇಲಿನ ಮೆಟ್ಟಿಲಲ್ಲಿ ಜಲಜಾಕ್ಷಿ ಅಕ್ಕ ಮಡಿಲ ಮೇಲೆ ನಾಲ್ಕು ಸೀರೆ ಇಟ್ಟುಕೊಂಡು ಕೂತಿದ್ದರು. ಒಂದು ಮೆಟ್ಟಿಲು ಕೆಳಗೆ ತೃಷಾ, ಕೈಯಲ್ಲಿ ಹೋಟೆಲಿನ ಕಾಗದದ ಪೊಟ್ಟಣ. ಬನ್ಸಿನ ಪರಿಮಳ ಕೆಳಗಿನವರೆಗೂ ಬರುತ್ತಿತ್ತು.

"ಹತ್ತು ಅಂತ ಹೇಳಿದ್ದೆ," ಎಂದಳು ಲೋಲಾಕ್ಷಿ.

"ನಿನ್ನ ತಲೆ ಎಷ್ಟು ಹೊತ್ತಿಗೆ ನಿಲ್ತದೆ ಅಂತ ಯಾರಿಗೆ ಗೊತ್ತು? ಬೇಗ ಬಂದೆವು," ಎಂದರು ಜಲಜಾಕ್ಷಿ ಅಕ್ಕ. ಸಿಟ್ಟು ಪೂರ್ತಿ ಇಳಿದಿರಲಿಲ್ಲ.

ಒಳಗೆ ಬಂದು ಪರದೆಯ ಹಿಂದೆ ಹೋಗದೆ, ಕಿಟಕಿಯ ಬೆಳಕಿನಲ್ಲೇ ತೋಳು ಅಗಲಿಸಿ ನಿಂತರು. ರಾಫಿಯಾ ಪುಸ್ತಕ, ಪೆನ್ಸಿಲು ಹಿಡಿದಳು. ಲೋಲಾಕ್ಷಿ ಟೇಪು ಸುತ್ತಿದಳು, ಸಡಿಲಿಸಿದಳು, ಮತ್ತೆ ಸುತ್ತಿ ನೋಡಿದಳು. ಅಂಕೆ ಸ್ಪಷ್ಟವಾಗಿತ್ತು. ರಾಫಿಯಾಳ ಕಡೆ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು.

"ಮೆಲ್ಲಗೆ ಯಾಕೆ ಹೇಳ್ತೀ?" ಎಂದರು ಜಲಜಾಕ್ಷಿ ಅಕ್ಕ, ಕಿಟಕಿಯ ಹೊರಗೆ ನೋಡುತ್ತ. "ಜೋರಾಗಿ ಹೇಳು. ತೃಷಾಗೆ ಕೇಳ್ಬೇಕು."

"ನಲವತ್ತೂವರೆ," ಎಂದಳು ಲೋಲಾಕ್ಷಿ.

ರಾಫಿಯಾ ಬರೆದುಕೊಂಡಳು. ಸ್ಟೂಲಿನ ಮೇಲೆ ಕೂತಿದ್ದ ತೃಷಾ ಪೊಟ್ಟಣ ಬಿಚ್ಚಿ ಎರಡನೆಯ ಬನ್ಸ್ ತೆಗೆದುಕೊಂಡಳು.